ಈಸ್ಟ್ ಯಾರ್ಕ್‌ಗೆ ಮನೆ ಮಾಡ್ತಿದ್ದೀರಾ? ಬನ್ನಿ

ಥಾರ್ನ್‌ಕ್ಲಿಫ್ ಪಾರ್ಕ್‌ನಲ್ಲಿ ಬಾಡಿಗೆಗೆ ಮನೆ ಸಿಕ್ಕಿದೆ, ಮ್ಯಾಪ್‌ನಲ್ಲಿ ಟೊರಾಂಟೊ ಅಂತಿದೆ, ಜನ ಮಾತ್ರ ಈಸ್ಟ್ ಯಾರ್ಕ್ ಅಂತಾರೆ, ಅಲ್ಲಿ ಬರೀ ಎತ್ತರದ ಕಟ್ಟಡಗಳೇನಾ ಎಂದು ಕೇಳಿದ್ದೀರಿ. ಎರಡು ಹೆಸರೂ ಸರಿ. 1998ರ ಜನವರಿ 1ರವರೆಗೆ ಈಸ್ಟ್ ಯಾರ್ಕ್ ಬೇರೆಯೇ ಇತ್ತು, ತನ್ನದೇ ಮೇಯರ್ ಇದ್ದ 'ಬರೋ', ಅಂದ್ರೆ ಸ್ವಂತ ಆಡಳಿತವಿದ್ದ ಊರು. ಆಮೇಲೆ ಟೊರಾಂಟೊಗೆ ಸೇರಿಸಿದರು. ಅದಕ್ಕೆ ಮುಂಚೆ ಜನಮತ ಕೇಳಿದಾಗ ಇಲ್ಲಿನವರು ಭಾರಿ ಬಹುಮತದಿಂದ ಬೇಡ ಎಂದಿದ್ದರು. ಸರ್ಕಾರ ಕೇಳಲಿಲ್ಲ. ಹೆಸರನ್ನು ಜನ ಇನ್ನೂ ಬಿಟ್ಟಿಲ್ಲ, ನನಗಂತೂ ಅದು ತುಂಬಾ ಇಷ್ಟ.

ಈ ಹಟ ಸುಮ್ನೆ ಬಂದಿದ್ದಲ್ಲ. ಬ್ರಿಟನ್‌ನಿಂದ ಬಂದ ಕೂಲಿ ಕಾರ್ಮಿಕರು ಇಲ್ಲಿ ಅಗ್ಗಕ್ಕೆ ಸೈಟು ಕೊಂಡು, ಎಷ್ಟೋ ಮನೆಗಳನ್ನು ತಾವೇ ಕಟ್ಟಿಕೊಂಡರು. 1930ರ ದಶಕದಲ್ಲಿ ಕೆಲಸ ಹೋಯಿತು, ಬಾಡಿಗೆ, ಸಾಲದ ಕಂತು ಕಟ್ಟಲಾಗಲಿಲ್ಲ. ಮನೆ ಖಾಲಿ ಮಾಡಿಸಲು ಅಧಿಕಾರಿಗಳು ಬಂದರೆ ಈಸ್ಟ್ ಯಾರ್ಕ್ ವರ್ಕರ್ಸ್ ಅಸೋಸಿಯೇಷನ್‌ನವರು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಬೀದಿಗೆ ಹಾಕಿದ ಮಂಚ, ಕುರ್ಚಿಗಳನ್ನು ಅಕ್ಕಪಕ್ಕದವರು ಹೊತ್ತು ಮತ್ತೆ ಒಳಗಿಡುತ್ತಿದ್ದರು. ಹೊಸದಾಗಿ ಬಂದವರೇ ಒಬ್ಬರಿಗೊಬ್ಬರು ಆಗಿ ಕಟ್ಟಿದ ಊರು ಇದು. ನೀವು ಹೊರಗಿನವರು ಅಂದುಕೊಳ್ಳಬೇಡಿ.

ಪಕ್ಕದ ಲೀಸೈಡ್ ಕಥೆ ಬೇರೆ. ಅದು ರೈಲ್ವೆ ಕಂಪನಿ ನಕ್ಷೆ ಹಾಕಿ ಮಾಡಿಸಿದ ಪಟ್ಟಣ, 1967ರಲ್ಲಿ ಈಸ್ಟ್ ಯಾರ್ಕ್‌ಗೆ ಸೇರಿತು. ಅಲ್ಲಿ ಮನೆಗಳು ಈಗ ದುಬಾರಿ.

ನಿಮ್ಮ ಥಾರ್ನ್‌ಕ್ಲಿಫ್ ಇದೆಯಲ್ಲ, ಅದು ಮೊದಲು ಕುದುರೆ ರೇಸ್ ಮೈದಾನ. ಗ್ರ್ಯಾಂಡ್‌ಸ್ಟ್ಯಾಂಡ್ ಪ್ಲೇಸ್, ಮೈಲ್‌ಪೋಸ್ಟ್ ಪ್ಲೇಸ್ ಎಂಬ ರಸ್ತೆಗಳ ಹೆಸರು ಆ ಕಾಲದ ನೆನಪಿಗೇ. ಕಟ್ಟಡಗಳು ಹಳೆಯವು. ಲಿಫ್ಟ್‌ಗೆ ಕಾಯಬೇಕಾಗುತ್ತೆ, ಬೆಳಿಗ್ಗೆ ಶಾಲೆ ಹೊತ್ತಿಗೆ ಜಾಸ್ತಿ. ಮನೆ ಒಪ್ಪುವ ಮುಂಚೆ ಹೀಟರ್, ನಲ್ಲಿ, ಜಿರಲೆ ಎಲ್ಲ ನೋಡಿಕೊಳ್ಳಿ. ಆದರೆ ಬೇಸಿಗೆಯಲ್ಲಿ ಆರ್.ವಿ. ಬರ್ಜೆಸ್ ಪಾರ್ಕ್‌ಗೆ ಇಳಿದು ನೋಡಿ. ಅಲ್ಲಿನ ಹೆಂಗಸರ ಸಮಿತಿ ಬಜಾರ್ ನಡೆಸುತ್ತೆ. ಬಟ್ಟೆ, ಬಳೆ, ಸಮೋಸ ಎಲ್ಲ ಸಿಗುತ್ತೆ. ಪಾರ್ಕ್‌ನಲ್ಲೇ ತಂದೂರ್ ಒಲೆ ಹಾಕಿಸಿದವರೂ ಅವರೇ. ಪಾಕಿಸ್ತಾನ, ಅಫ್ಘಾನಿಸ್ತಾನ, ನಮ್ಮ ದೇಶದವರು ಒಂದೇ ಸಾಲಿನಲ್ಲಿ ನಿಂತು ಬಿಸಿ ರೊಟ್ಟಿ ತಗೊಳ್ತಾರೆ. ಪರಿಚಯ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಓಡಾಟಕ್ಕೆ ಕಾರು ತಕ್ಷಣ ಬೇಕಿಲ್ಲ. ಪೇಪ್ ಮೆಟ್ರೊ ಸ್ಟೇಷನ್‌ನಿಂದ 81ನೇ ನಂಬರ್ ಬಸ್ ಇದೆ. ಡಾನ್ ನದಿ ಕಣಿವೆ ಮೇಲಿನ ಲೀಸೈಡ್ ಸೇತುವೆ ದಾಟಿ ಬರುತ್ತೆ. ಅಕ್ಟೋಬರ್‌ನಲ್ಲಿ ಬರುವುದಾದರೆ ಮಕ್ಕಳನ್ನು ಕಿಟಕಿ ಪಕ್ಕ ಕೂರಿಸಿ, ಕಣಿವೆಯ ಮರಗಳ ಎಲೆ ಆಗ ಕೆಂಪು, ಹಳದಿ ಆಗಿರುತ್ತೆ.