ಹೊಸ್ತಿಲು ದಾಟುವ ಮೊದಲು ಕುರ್ಚಿಯಿಂದ ಏಳಲಿ

ಪ್ರಶ್ನೆ: ನಮ್ಮ ಅಪ್ಪಾಜಿಗೆ 74 ವರ್ಷ. ಬಿಪಿ, ಶುಗರ್ ಇದೆ, ಬಲ ಮೊಣಕಾಲು ನೋಯುತ್ತದೆ. ಮೊದಲು ದಿನಾ ಬೆಳಿಗ್ಗೆ ಕೋಟೆಯ ಕಡೆ ಹೋಗಿ ಬರುತ್ತಿದ್ದರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗಿನಿಂದ ಮನೆ ಬಿಟ್ಟು ಕದಲಿಲ್ಲ. ಕೋವಿಡ್ ಲಸಿಕೆ ಎರಡೂ ಡೋಸ್ ಆಗಿದೆ. ಈಗ ಗೇಟಿಗೆ ಹೋದರೂ ಕಾಲು ನಡುಗುತ್ತವೆ ಅನ್ನುತ್ತಾರೆ. ಕೋಲು ತಂದಿದ್ದೇವೆ. ಹೊರಗೆ ಕರೆದೊಯ್ಯಬಹುದೇ?
– ಓದುಗರು, ರಾಯಚೂರು

ಉತ್ತರ: ಖಂಡಿತ ಕರೆದೊಯ್ಯಿರಿ, ಆದರೆ ಮೊದಲ ದಿನವೇ ರಸ್ತೆಗೆ ಬೇಡ. ಕೂತಲ್ಲೇ ಕೂತರೆ ಈ ವಯಸ್ಸಿನಲ್ಲಿ ಮೊದಲು ಸೊರಗುವುದು ತೊಡೆಯ ಸ್ನಾಯು. ನಡುಕಕ್ಕೆ ಹೆಚ್ಚಾಗಿ ಅದೇ ಕಾರಣ.

ಒಂದೂವರೆ ಅಡಿ ಎತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಅಪ್ಪಾಜಿ ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ, ಎಣಿಸಿ. ನೀವು ಪಕ್ಕದಲ್ಲೇ ಇರಬೇಕು. 74ರ ಗಂಡಸಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಕುಗ್ಗಿದೆ ಎಂದರ್ಥ. ಕೈಯೂರದೆ ಏಳಲಾಗದಿದ್ದರೆ ಕೈಯಿರುವ ಕುರ್ಚಿ ಕೊಡಿ. ಬೆಳಿಗ್ಗೆ ಐದು, ಸಂಜೆ ಐದು ಸಲದಿಂದ ಶುರುಮಾಡಿ ಹತ್ತಕ್ಕೆ ಏರಿಸಿ. ಕೂರುವಾಗ ದೊಪ್ಪನೆ ಬೀಳದೆ ನಿಧಾನವಾಗಿ ಇಳಿಯಬೇಕು, ಬಲ ಬರುವುದೇ ಅಲ್ಲಿ.

ಬಿಪಿಯನ್ನು ಐದು ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತ ಒಂದನೇ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20, ಇಲ್ಲವೇ ಕೆಳಗಿನದು 10 ಇಳಿದರೆ ವೈದ್ಯರಿಗೆ ಹೇಳಿ. ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆಗಳಿಂದ ಹೀಗಾಗುವುದುಂಟು. ನೀವಾಗಿ ನಿಲ್ಲಿಸಬೇಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಬರಿ ಹೊಟ್ಟೆಯಲ್ಲಿ ನಡೆಯಬಾರದು.

ಕೋಲಿನ ಅಳತೆ ನೋಡಿದಿರಾ? ಅಂಗಡಿಯಿಂದ ತಂದದ್ದನ್ನು ಹಾಗೇ ಹಿಡಿಸುವುದೇ ಹೆಚ್ಚು. ಹೊರಗೆ ಹಾಕುವ ಚಪ್ಪಲಿಯಲ್ಲೇ ನೆಟ್ಟಗೆ ನಿಲ್ಲಿಸಿ, ತೋಳು ಜೋತುಬಿಡಲಿ. ಹಿಡಿಕೆ ಮಣಿಕಟ್ಟಿನ ಗೆರೆಗೆ ಬರಬೇಕು. ಮರದ್ದಾದರೆ ಬುಡದ ರಬ್ಬರ್ ತೆಗೆದು, ಹೆಚ್ಚಿದ್ದಷ್ಟು ಕೊಯ್ಯಿಸಿ, ರಬ್ಬರ್ ಮತ್ತೆ ಹಾಕಿ. ರಬ್ಬರಿನ ಗೀರು ಸವೆದು ನುಣುಪಾಗಿದ್ದರೆ ಹೊಸದು ಬೇಕು, ಒದ್ದೆ ಶಹಾಬಾದ್ ಫರ್ಸಿಯ ಮೇಲೆ ಅದು ಜಾರುತ್ತದೆ. ನೋವು ಬಲಗಾಲಿಗಾದ್ದರಿಂದ ಕೋಲು ಎಡಗೈಯಲ್ಲಿರಲಿ, ಬಲಗಾಲಿನ ಜೊತೆಗೇ ಮುಂದೆ ಹೋಗಲಿ. ನೋವಿನ ಕಡೆಗೇ ಹಿಡಿದರೆ ಭಾರವೆಲ್ಲ ಆ ಮೊಣಕಾಲಿನ ಮೇಲೆ. ಮೆಟ್ಟಿಲು ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಬಲಗಾಲು. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿ ಇರುವುದು ಕೊಡಿಸಿ.

ಮಾಸ್ಕ್ ಹಾಕುವುದಾದರೆ ಒಂದು ಮಾತು. ಸಡಿಲ ಮಾಸ್ಕ್ ಕಣ್ಣಿನ ಕೆಳಕ್ಕೆ ಉಬ್ಬಿ ಕಾಲಬುಡದ ನೆಲವನ್ನೇ ಮರೆಮಾಡುತ್ತದೆ, ಕನ್ನಡಕಕ್ಕೂ ಆವಿ ಹಿಡಿಯುತ್ತದೆ. ಚರಂಡಿ ಕಲ್ಲು ಎಡವುವುದು ಆಗಲೇ. ಮೂಗಿನ ತಂತಿ ಒತ್ತಿ ಕೂರಿಸಿ, ಕನ್ನಡಕ ಮಾಸ್ಕಿನ ಮೇಲೆ ಬರಲಿ.

ಬೆಳಿಗ್ಗೆ ಆರೂವರೆಗೆ ಜನವೂ ಕಡಿಮೆ, ಬಿಸಿಲೂ ಇಲ್ಲ. ಮೊದಲ ವಾರ ಹೋಗಿ ಬರುವುದೆಲ್ಲ ಸೇರಿ ಐದು ನಿಮಿಷ. ಸುಸ್ತಾಗುವುದು ವಾಪಸು ಬರುವಾಗ, ಆದ್ದರಿಂದ ಇನ್ನೂ ಶಕ್ತಿ ಇದೆ ಅನ್ನುವಾಗಲೇ ತಿರುಗಿ. ನಡುವೆ ಕೂರಲು ಕಟ್ಟೆ ಇರುವ ದಾರಿ ಹಿಡಿಯಿರಿ. ಎದೆ ಬಿಗಿದರೆ, ಮಾತಾಡಲಾಗದಷ್ಟು ಏದುಸಿರು ಬಂದರೆ ಅಲ್ಲೇ ಕೂರಿಸಿ, ವೈದ್ಯರನ್ನು ಕಾಣಿ.

ಪ್ರಶ್ನೆ: ಅಮ್ಮ ಮನೆಯೊಳಗೇ ಓಡಾಡುತ್ತಾರೆ. ಅಷ್ಟು ಸಾಲದೇ?
– ಓದುಗರು, ಸಿಂಧನೂರು

ಉತ್ತರ: ಸಾಲದು. ಮನೆಯಲ್ಲಿ ನಾಲ್ಕು ಹೆಜ್ಜೆಗೊಂದು ಗೋಡೆ ಸಿಗುತ್ತದೆ, ಕೈ ಅದನ್ನೇ ಹುಡುಕುತ್ತದೆ. ಏರುತಗ್ಗಿನ ಅಭ್ಯಾಸ ತಪ್ಪುತ್ತದೆ. ಹೊರಗೆ ಹೋಗುವವರೆಗೆ ಅಡುಗೆಕಟ್ಟೆಯ ಮೇಲೆ ಬೆರಳು ಊರಿ, ಒಂದು ಪಾದದ ಮುಂದೆ ಇನ್ನೊಂದು ಪಾದ ತಾಗಿಸಿ 10 ಸೆಕೆಂಡು ನಿಲ್ಲಲಿ, ಪಾದ ಬದಲಿಸಿ ಮತ್ತೆ 10. ನೀವು ಹಿಂದೆ ನಿಂತಿರಿ.