ನಿಮ್ಮ ಅಣುಬಾಂಬ್ ಲೇಖನದ ಬಗ್ಗೆ

ನಮಸ್ಕಾರ. ನೀವು ಕಳಿಸಿದ ‘ಐನ್‌ಸ್ಟೈನ್ ಕೊಟ್ಟ ಬಾಂಬ್’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ. ಎಡವಟ್ಟಾಗಿರುವುದು ಕಥೆಯಲ್ಲಿ.

1905ರ ಐನ್‌ಸ್ಟೈನ್ ಸಮೀಕರಣದಿಂದ (E=mc²) ಶುರು ಮಾಡಿ, ಮುಂದಿನ ಪ್ಯಾರಾದಲ್ಲೇ 1945ರ ಹಿರೋಶಿಮಾಗೆ ಬಂದುಬಿಟ್ಟಿದ್ದೀರಿ. ನಡುವಿನ 40 ವರ್ಷ ಎಲ್ಲಿ ಹೋಯಿತು? ಎಷ್ಟು ದ್ರವ್ಯ ಕಳೆದರೆ ಎಷ್ಟು ಶಕ್ತಿ ಬರುತ್ತದೆ ಎಂಬ ಲೆಕ್ಕ ಆ ಸಮೀಕರಣದಲ್ಲಿದೆ. ಆ ಶಕ್ತಿಯನ್ನು ಪರಮಾಣುವಿನಿಂದ ಹೊರಗೆ ತೆಗೆಯುವ ದಾರಿ ಅದರಲ್ಲಿಲ್ಲ. ದಾರಿ ಕಂಡಿದ್ದು 1938ರ ಡಿಸೆಂಬರ್‌ನಲ್ಲಿ, ಬರ್ಲಿನ್‌ನಲ್ಲಿ, ಅದೂ ಬೇರೆ ಏನನ್ನೋ ಹುಡುಕುತ್ತಿದ್ದಾಗ.

ರಸಾಯನ ವಿಜ್ಞಾನಿಗಳಾದ ಓಟೋ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್ ಯುರೇನಿಯಂಗೆ ನ್ಯೂಟ್ರಾನ್ ಕಣಗಳನ್ನು ಹೊಡೆದಿದ್ದರು. ಹುಟ್ಟಿದ್ದು ರೇಡಿಯಂ ಅಂದುಕೊಂಡು, ಜೊತೆಗೆ ಬೆರೆಸಿದ್ದ ಬೇರಿಯಂನಿಂದ ಅದನ್ನು ಬೇರ್ಪಡಿಸಲು ಹೋದರು. ಏನು ಮಾಡಿದರೂ ಬೇರೆಯಾಗಲಿಲ್ಲ, ಯಾಕೆಂದರೆ ಅದೂ ಬೇರಿಯಂ ಆಗಿತ್ತು! ಯುರೇನಿಯಂನ ಪರಮಾಣು ಸಂಖ್ಯೆ, ಅಂದರೆ ಬೀಜದಲ್ಲಿರುವ ಪ್ರೋಟಾನ್‌ಗಳ ಲೆಕ್ಕ, 92, ಬೇರಿಯಂನದು 56. ಪರಮಾಣುವಿನಿಂದ ಸಣ್ಣ ಚೂರು ಸಿಡಿಯುವುದು ಗೊತ್ತಿತ್ತು, ಹೀಗೆ ಎರಡು ಹೋಳಾಗುತ್ತದೆ ಅಂದರೆ ನಂಬಲು ಅವರಿಗೇ ಕಷ್ಟವಾಯಿತು. ಹಾನ್ ಪತ್ರ ಬರೆದು ಕೇಳಿದ್ದು ಲೀಸ ಮೈಟ್ನರ್ ಅವರನ್ನು. ಅದೇ ತಂಡದ ಭೌತವಿಜ್ಞಾನಿ ಅವರು. ಯಹೂದಿ ಮೂಲದವರು ಅನ್ನುವ ಕಾರಣಕ್ಕೆ ಆ ಜುಲೈನಲ್ಲಷ್ಟೇ ಜರ್ಮನಿಯಿಂದ ತಪ್ಪಿಸಿಕೊಂಡು ಸ್ವೀಡನ್ ಸೇರಿದ್ದರು.

ಕ್ರಿಸ್‌ಮಸ್ ರಜೆಗೆ ಮೈಟ್ನರ್ ಅವರ ಅಕ್ಕನ ಮಗ, ಭೌತವಿಜ್ಞಾನಿ ಓಟೋ ಫ್ರಿಶ್ ಬಂದಿದ್ದರು. ಇಬ್ಬರೂ ಹಿಮದಲ್ಲಿ ನಡೆಯುತ್ತಾ ಹೋಗಿ, ಮರದ ದಿಮ್ಮಿಯ ಮೇಲೆ ಕುಳಿತು, ಸಿಕ್ಕ ಕಾಗದದ ಚೂರುಗಳಲ್ಲಿ ಲೆಕ್ಕ ಹಾಕಿದರು. ಪರಮಾಣುವಿನ ಬೀಜ ನೀರಿನ ಹನಿಯಂತೆ ಉದ್ದವಾಗಿ, ನಡು ಸಣ್ಣಗಾಗಿ ಎರಡಾಗಬಹುದು. ಹೋಳುಗಳು ಒಂದನ್ನೊಂದು ದೂರ ತಳ್ಳುವ ಶಕ್ತಿ ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿ ಅಳೆಯುವ ಪುಟ್ಟ ಮಾನ). ಇದು ಬಂದಿದ್ದು ಎಲ್ಲಿಂದ? ಕಳೆದುಹೋದ ದ್ರವ್ಯ ಒಂದು ಪ್ರೋಟಾನಿನ ಐದನೇ ಒಂದು ಭಾಗದಷ್ಟು, ಸಮೀಕರಣದ ಪ್ರಕಾರ ಅದರಿಂದ ಬರುವ ಶಕ್ತಿಯೂ ಅಷ್ಟೇ, ಎರಡೂ ಲೆಕ್ಕ ಸರಿಯಾಗಿ ಕೂಡಿತು. ನಿಮ್ಮ ಐನ್‌ಸ್ಟೈನ್ ಸಮೀಕರಣ ಬರಬೇಕಾದ ಜಾಗ ಇದು. ಇಷ್ಟು ಒಳ್ಳೆಯ ದೃಶ್ಯವನ್ನು ಬಿಟ್ಟು ನೀವು ಹಿರೋಶಿಮಾದ ಅಣಬೆ ಮೋಡಕ್ಕೆ ಎರಡು ಪುಟ ವಿಶೇಷಣ ಸುರಿದಿದ್ದೀರಲ್ಲ, ನನಗೆ ನಿಜವಾಗಿಯೂ ಬೇಸರವಾಯಿತು.

ಇನ್ನು ತಪ್ಪುಗಳು. ಐನ್‌ಸ್ಟೈನ್ ಬಾಂಬ್ ತಯಾರಿಕೆಯಲ್ಲಿ ಇರಲಿಲ್ಲ. 1939ರ ಆಗಸ್ಟ್ 2ರ ದಿನಾಂಕವಿರುವ, ಇಂಥ ಬಾಂಬ್ ಸಾಧ್ಯ ಎಂದು ಎಚ್ಚರಿಸಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಬರೆದ ಪತ್ರಕ್ಕೆ ಸಹಿ ಹಾಕಿದರು, ಅದನ್ನು ಬರೆದಿದ್ದರಲ್ಲಿ ಭೌತವಿಜ್ಞಾನಿ ಲಿಯೋ ಸಿಲಾರ್ಡ್ ಪಾಲೇ ಜಾಸ್ತಿ. ‘ಇಡೀ ಬಾಂಬೇ ಶಕ್ತಿಯಾಗಿ ಬದಲಾಯಿತು’ ಅನ್ನುವುದನ್ನು ತೆಗೆಯಿರಿ. ಹಿರೋಶಿಮಾ ಬಾಂಬಿನಲ್ಲಿ ಸುಮಾರು 64 ಕಿಲೋ ಯುರೇನಿಯಂ ಇತ್ತು. ಒಡೆದಿದ್ದು ಒಂದು ಕಿಲೋಗಿಂತ ಕಡಿಮೆ. ಶಕ್ತಿಯಾಗಿ ಹೋದ ದ್ರವ್ಯ ಒಂದು ಗ್ರಾಂ ಕೂಡ ಇಲ್ಲ. ಈ ಮೂರು ಅಂಕಿಗಳನ್ನು ಸುಮ್ನೆ ಸಾಲಾಗಿ ಇಡಿ, ಓದುವವರ ಎದೆ ತಾನೇ ನಡುಗುತ್ತದೆ.

ಮೈಟ್ನರ್ ಹೆಸರು ನಿಮ್ಮ ಲೇಖನದಲ್ಲಿ ಒಂದು ಸಲವೂ ಇಲ್ಲ. ವಿದಳನದ, ಅಂದರೆ ಪರಮಾಣು ಬೀಜ ಹೀಗೆ ಎರಡಾಗುವುದರ, ಶೋಧಕ್ಕೆ ಕೊಟ್ಟ 1944ರ ನೊಬೆಲ್ ಹಾನ್ ಒಬ್ಬರಿಗೇ ಹೋಯಿತು. ಬಾಂಬ್ ಮಾಡಲು ಕರೆದಾಗ ಮೈಟ್ನರ್ ಒಪ್ಪಲಿಲ್ಲ. ಅವರನ್ನು ಬಿಟ್ಟು ಈ ಕಥೆ ಹೇಳುವುದು ನ್ಯಾಯ ಅಲ್ಲ ಅಲ್ವಾ?

ಹೊಸದಾಗಿ ಬರೆಯಿರಿ. ಮೊದಲ ಪ್ಯಾರಾದಲ್ಲೇ ಬೇರಿಯಂ ಬರಲಿ. ಮುಗಿದ ಮೇಲೆ ನನ್ನ ಹೆಸರಿಗೇ ಕಳಿಸಿ, ಕಾಯುತ್ತಿರುತ್ತೇನೆ.