ಕೊಟ್ಟ ಅಕ್ಷರಗಳಿಂದಾಗುವ ಇಂಗ್ಲಿಷ್ ಪದಗಳನ್ನು ಕಂಪ್ಯೂಟರ್ ಕ್ಷಣಮಾತ್ರದಲ್ಲಿ ಹೇಗೆ ಹುಡುಕುತ್ತದೆ?

ಅಕ್ಷರಗಳನ್ನು ಅದಲುಬದಲು ಮಾಡುತ್ತಾ ಕೂರುವ ಅಗತ್ಯವೇ ಅದಕ್ಕಿಲ್ಲ. ಹಾಗೆ ಮಾಡಹೊರಟರೆ ಆರು ಬೇರೆ ಬೇರೆ ಅಕ್ಷರಗಳಿಗೆ 720 ಜೋಡಣೆಗಳು, ಹತ್ತಕ್ಕೆ 36,28,800!

ಇದಕ್ಕೊಂದು ಸೊಗಸಾದ ಉಪಾಯವಿದೆ. ನಿಘಂಟಿನ ಪ್ರತಿಯೊಂದು ಪದದ ಅಕ್ಷರಗಳನ್ನೂ ಮೊದಲೇ ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿಡುವುದು. ‘ಲಿಸನ್’ ಪದವನ್ನು ಹಾಗೆ ಜೋಡಿಸಿದರೆ ಇ, ಐ, ಎಲ್, ಎನ್, ಎಸ್, ಟಿ ಎಂಬ ಸಾಲು ಸಿಗುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಬರವಣಿಗೆ ಮಾತ್ರ. ಉಚ್ಚಾರದಲ್ಲಿ ಕೇಳಿಸದ ‘ಟಿ’ಯನ್ನೂ ಬಿಡುವಂತಿಲ್ಲ. ‘ಸೈಲೆಂಟ್’, ‘ಎನ್‌ಲಿಸ್ಟ್’, ‘ಟಿನ್ಸೆಲ್’ ಪದಗಳಿಂದಲೂ ಇದೇ ಸಾಲು ಬರುವುದರಿಂದ ನಾಲ್ಕೂ ಒಂದೇ ಗುಂಪಿಗೆ ಸೇರುತ್ತವೆ. ನೀವು ಅಕ್ಷರಗಳನ್ನು ಹೇಗೇ ಕೊಡಿ, ಕಂಪ್ಯೂಟರ್ ಅವನ್ನು ಇದೇ ಕ್ರಮಕ್ಕೆ ತಂದು ನೇರವಾಗಿ ಆ ಗುಂಪನ್ನು ತೆರೆಯುತ್ತದೆ.

ಕೊಟ್ಟ ಅಕ್ಷರಗಳ ಜೊತೆಗೆ ಬೇರೆಯವೂ ಇರಬಹುದು ಎಂದಾದರೆ ಈ ಉಪಾಯ ಸಾಲದು. ಆಗ ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಪದಪದದಲ್ಲೂ ಎಣಿಸಬೇಕು. ಎರಡು ‘ಟಿ’ ಬೇಕೆಂದರೆ ಕಾಗದ ಎಂಬರ್ಥದ ‘ಲೆಟರ್’ ಉಳಿಯುತ್ತದೆ, ಆಮೇಲೆ ಎಂಬರ್ಥದ ‘ಲೇಟರ್’ ಬಿದ್ದುಹೋಗುತ್ತದೆ. ಲಕ್ಷಗಟ್ಟಲೆ ಪದಗಳಿದ್ದರೂ ಈ ಎಣಿಕೆ ಇಂದಿನ ಮೊಬೈಲಿಗೂ ಕಷ್ಟವಲ್ಲ.